ಗಾಳಿಯ ಬಾಬತ್ತು

ನಮ್ಮ ಕಚೇರಿಯ ಗೋಡೆ ಎರಡು ಮೊಳ ದಪ್ಪ,
ನಿಜಾಮರ ಕಾಲದ ಗವಂಡಿಯ ಕೆಲಸ.
ಛತ್ತಿನ ಕೆಳಗೆ ಸಾಲಾಗಿ ಹನ್ನೊಂದು ರೋಶನ್‌ದಾನು,
ಒಂದೊಂದಕ್ಕೂ ಒಂದು ಹಗ್ಗ, ಒಂದು ಗಿರಕಿ.
ಆ ಹಗ್ಗ ಎಳೆಯುವುದಕ್ಕೇ ಒಬ್ಬ ಜವಾನ ಇದ್ದನಂತೆ.
ಪಗಾರ ಪುಸ್ತಕದಲ್ಲಿ ಆ ಹುದ್ದೆ ಈಗಲೂ ಇದೆ,
ಮುಂದೆ ಕೆಂಪು ಶಾಯಿಯಲ್ಲಿ: ಖಾಲಿ.

ಏಸಿ ಬಂದ ವರ್ಷ
ಹನ್ನೊಂದಕ್ಕೂ ಥರ್ಮಾಕೋಲು ತುಂಬಿ ಟೇಪು ಹಚ್ಚಿದರು.
ತಂಪು ಹೊರಗೆ ಹೋಗಬಾರದಲ್ಲ.
ನಾವು ಪೇಪರ್‌ವೇಟುಗಳನ್ನು ಡ್ರಾವರಿಗೆ ಹಾಕಿದೆವು.
ಪೇಪರ್‌ವೇಟೆಂದರೆ ಶಹಾಬಾದಿ ಪರ್ಶಿಯ ಚೂರು,
ನೆಲ ಹಾಸಿ ಉಳಿದದ್ದು,
ಅವರವರ ಕೈಗೆ ಸವೆದು ನುಣುಪಾದದ್ದು.
ಹಾರುವ ಕಾಗದವೇ ಇಲ್ಲದ ಮೇಲೆ ಭಾರ ಯಾಕೆ.

ಆವತ್ತಿನಿಂದ ಮಧ್ಯಾಹ್ನ ಮೂರಕ್ಕೆ
ಜಮಾಖರ್ಚಿನ ಜಗದೇವಿ ಒಂದೇ ಸಾಲು ಮೂರು ಸಲ ಕೂಡುತ್ತಾಳೆ.
ಒಬ್ಬರಿಗೆ ನೆಗಡಿಯಾದರೆ ಶುಕ್ರವಾರದೊಳಗೆ ಎಲ್ಲರಿಗೂ.
ಬುತ್ತಿಯ ಪುಂಡಿಪಲ್ಯ, ಟೋನರಿನ ಪುಡಿ, ಸಾಹೇಬರ ಅತ್ತರು,
ಯಾವುದೂ ಎಲ್ಲಿಗೂ ಹೋಗುವುದಿಲ್ಲ.
ಹೋದ ತಿಂಗಳು ಯಾದಗಿರಿಗೆ ವರ್ಗವಾದ ಗುಂಡೇರಾಯರು
ಬಿಟ್ಟ ಉಸಿರೂ
ಇಲ್ಲೇ ಎಲ್ಲೋ ಸುತ್ತುತ್ತಿರಬೇಕು.

ಕರೆಂಟಿನ ಬಿಲ್ಲು ಬರುವುದು ನನ್ನ ಮೇಜಿಗೆ.
ಏಪ್ರಿಲಿನದು ನೋಡಿ ಎರಡು ಸಲ ಕನ್ನಡಕ ಒರೆಸಿದೆ.
ಅದಕ್ಕೇ ಮೇಲಿನವರು ಒಬ್ಬ ಇಂಜಿನಿಯರನ್ನು ಕಳಿಸಿದರು,
ಮಧುಮತಿ ಕಲಶೆಟ್ಟಿ ಅಂತ, ಇನ್ನೂ ಹುಡುಗಿ.
ಅಂಗೈಯಗಲದ ಡಬ್ಬಿಯೊಂದನ್ನು ಮೇಜಿನಿಂದ ಮೇಜಿಗೆ ಇಡುತ್ತ ಬಂದಳು.
ಅಂಗಳದಲ್ಲಿ ನಾನೂರ ಚಿಲ್ಲರೆ ತೋರಿಸಿದ್ದು
ನನ್ನ ಹತ್ತಿರ ಎರಡು ಸಾವಿರ ದಾಟಿತು.
"ಏನ್ರಿ ಇದು?"
"ನೀವು ಬಿಟ್ಟಿದ್ದನ್ನ ನೀವೇ ತಿರುಗಿ ತಗೊಳ್ಳಾಕತ್ತೀರಿ."

ರೆಕಾರ್ಡು ಕೋಣೆಯಲ್ಲಿ ಮಾತ್ರ ಡಬ್ಬಿ ತಿಕ್ಕಲಾಡಿತು.
ಏಸಿ ಇಲ್ಲದ ಕೋಣೆ. ಹಿಂದಿನ ದಿನ ಊರಿನಲ್ಲಿ ನಲವತ್ತಮೂರು.
ಬೆಳಗಿನ ಹತ್ತಕ್ಕೆ ಗೋಡೆಗೆ ಕೈ ಇಟ್ಟವಳು ತೆಗೆಯಲಿಲ್ಲ:
ಹೊಸ ಮಗಿಯ ಹೊಟ್ಟೆಯ ಹಾಗೆ ತಣ್ಣಗೆ.

ಮೂರು ದಿನ ಲೆಕ್ಕ ಹಾಕಿದಳು, ಹೊಂದಲಿಲ್ಲ.
ನಾಲ್ಕನೆಯ ದಿನ ಬೆಳ್ಳಂಬೆಳಗ್ಗೆ ಬಂದಾಗ
ರಾತ್ರಿ ಪಾಳಿಯ ಮಶಾಕಸಾಬ ಸ್ಟೂಲಿನ ಮೇಲೆ ನಿಂತು
ಹಗ್ಗ ಸಡಿಲಿಸುತ್ತಿದ್ದನಂತೆ.
ಮೂರು ಕಿಂಡಿಯ ಥರ್ಮಾಕೋಲು ಮೂಲೆಯಲ್ಲಿ, ಮಡಚಿದ ಚಾದರದ ಕೆಳಗೆ.
"ರಾತ್ರಿ ಹನ್ನೊಂದರ ಮ್ಯಾಲ ತೆರೀತೀನ್ರಿ ಮೇಡಂ.
ಗ್ವಾಡಿ ಹಗಲೆಲ್ಲ ಬಿಸಲು ನುಂಗಿರ್ತದ,
ಅದೂ ಒಮ್ಮೆ ಉಸರು ಬಿಡಬೇಕಲ್ರಿ.
ಹೊತ್ತು ಏಳೂದ್ರಾಗ ಮುಚ್ಚಿಬಿಡ್ತೀನಿ.
ಯಾರೂ ಹೇಳಿಕೊಟ್ಟಿಲ್ರಿ,
ಮೋಮಿನಪುರದಾಗ ನಮ್ಮ ಮನೀಗೂ ಹಿಂಗೇ ಮಾಡ್ತೀವಿ."

ಅವಳು ಅದನ್ನು ವರದಿಯಲ್ಲಿ ಬರೆದಳು,
ಹೆಸರು ಸಹಿತ, ಮೆಚ್ಚಿ.
ಓದಿದವರಿಗೆ ಕಂಡದ್ದು ಇಷ್ಟು:
ಸರಕಾರಿ ಕಡತಗಳ ಕೋಣೆ, ರಾತ್ರಿ, ತೆರೆದ ಕಿಂಡಿ.
ಕಾರಣ ಕೇಳಿ ನೋಟಿಸು ಹೋಯಿತು.
ಟೈಪು ಮಾಡಿದ್ದು ನಾನು.

ಏಳು ದಿನದ ಗಡುವು; ಎರಡನೆಯ ದಿನವೇ ಉತ್ತರ ಬಂತು,
ಮಗಳ ಕೈಬರಹ, ಕೆಳಗೆ ಅವನ ಉರ್ದು ಸಹಿ:
"ಗಾಳಿಯ ಬಾಬತ್ತು.
ಒಳಗಿನದು ಏನೂ ಹೊರಗೆ ಕೊಟ್ಟಿಲ್ಲ, ಬಿಸಿ ಬಿಟ್ಟು."

ಕಡತ ಈಗ ನನ್ನ ಮುಂದಿದೆ, ಅಭಿಪ್ರಾಯಕ್ಕೆ.
ಬರೆಯಲು ಅರ್ಧ ಪುಟ ಜಾಗ.
ಮಧ್ಯಾಹ್ನ ಮೂರು. ಜಗದೇವಿ ಆಕಳಿಸಿದಳು,
ಅವಳ ಹಿಂದೆ ನಾನು.
ಇದು ತೆರೆಯುವ ಹೊತ್ತಲ್ಲ, ಹೊರಗೆ ಕೆಂಡ ಸುರಿಯುತ್ತಿದೆ.
ಡ್ರಾವರಿನ ತಳದಿಂದ ಪರ್ಶಿ ಚೂರು ತೆಗೆದು
ಅಂಗಿಗೆ ಒರೆಸಿ ಅವನ ಉತ್ತರದ ಮೇಲೆ ಇಟ್ಟೆ.
"ಗಾಳೀನೇ ಇಲ್ಲ, ಇದ್ಯಾಕ್ರಿ?" ಅಂದಳು.

ಇರಲಿ ಅಂದೆ.
ಹನ್ನೊಂದಕ್ಕೆ ಇನ್ನೂ ಎಂಟು ತಾಸು.